ಎರಡು ಮನೆಯಲ್ಲೂ ಇಲ್ಲದ ಕಥೆ

ಫೆಬ್ರವರಿ ೪

ಮುಳ್ಳಣ್ಣನಿಗೆ ಹಳೇ ಬೀದಿಯಿಂದ ಅಂಟುಮಾಸ್ತರನ ಸಲಾಮು.

ಮೊದಲು ಜಗಳ, ಆಮೇಲೆ ಕ್ಷೇಮಸಮಾಚಾರ. ಯೋಸೇಫನ ಕಥೆಯಲ್ಲಿ ನೀವು ಜಾರಿದ್ದೀರಿ. ಯಜಮಾನಿ ಊರಿನ ಹೆಂಗಸರನ್ನು ಕರೆದು ಕೈಗೊಂದು ಚಾಕು ಕೊಟ್ಟಳು, ಯೋಸೇಫ ಎದುರು ಬಂದ, ಅವನ ಚೆಲುವು ನೋಡಿ ಮೈಮರೆತ ಹೆಂಗಸರು ಕೈಯನ್ನೇ ಕೊಯ್ದುಕೊಂಡರು. ಇಲ್ಲಿಯವರೆಗೆ ಸರಿ. ಆದರೆ ಅವರ ಕೈಯಲ್ಲಿದ್ದದ್ದು ನಿಂಬೆ ಜಾತಿಯ ಹಣ್ಣು ಎಂದು ನೀವು ಕಣ್ಣಾರೆ ಕಂಡವರ ಹಾಗೆ ಬರೆದಿದ್ದೀರಿ. ಅದು ನಿಮ್ಮ ಹಿರಿಯರ ಮಾತು. ನಮ್ಮ ಗ್ರಂಥದಲ್ಲಿ ಹಣ್ಣಿಗೆ ಹೆಸರೇ ಇಲ್ಲ, ಚಾಕು ಮಾತ್ರ ಇದೆ. ತಪ್ಪು ನಿಮ್ಮದು, ಚಹಾ ನನ್ನದು.

ಊರು ಬಿಟ್ಟು ಹೋದೆ, ನಿಯಮವೂ ಬಿಟ್ಟುಹೋಯಿತು ಅಂದುಕೊಳ್ಳಬೇಡಿ. ಗಡಿಯಾರದ ಮುಳ್ಳು ತಿರುಗಿಸುವ ಯೆಹೂದಿಯೂ ಪುಸ್ತಕಕ್ಕೆ ಅಂಟು ಹಚ್ಚುವ ಮುಸಲ್ಮಾನ ಬೈಂಡಿಂಗಿನವನೂ ಒಂದೇ ಮೆಟ್ಟಿಲ ಮೇಲೆ ಕೂತು ಒಂದೇ ಕಥೆಗಾಗಿ ಕಚ್ಚಾಡುವುದನ್ನು ನೋಡಿ ಬೀದಿಯೇ ನಗುತ್ತಿತ್ತಲ್ಲ, ಅದೇ ನಿಯಮ. ಒಬ್ಬ ತನ್ನ ಮನೆಯ ಕಥೆ ಹೇಳಬೇಕು, ಇನ್ನೊಬ್ಬ ಎಲ್ಲಿ ಬೇರೆ ಎಂದು ಹಿಡಿಯಬೇಕು, ಸೋತವನು ಚಹಾ ತರಿಸಬೇಕು. ನೀವು ಮಗಳ ಮನೆ ಸೇರಿದ ಮೇಲೆ ನನಗೆ ಚಹಾ ಕುಡಿಸುವವರು ಯಾರೂ ಇಲ್ಲ.

ಇನ್ನೊಂದು ಮಾತು. ನಿಮ್ಮ ಲಕೋಟೆಯ ಬಾಯಿಗೆ ಎರಡು ಸಲ ಅಂಟು ಬಿದ್ದಿದೆ. ಕೆಳಗೆ ಲಕೋಟೆಯದೇ ಗೋಂದು, ಅದರ ಮೇಲೆ ಮೈದಾ ಅಂಟು, ಅದೂ ಗಂಟುಗಂಟು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತೂ ಅಂಟು ಕುದಿಸುವುದು ಕಲಿಯಲಿಲ್ಲವಲ್ಲ, ಮುಳ್ಳಣ್ಣ!

ನಾವೆಲ್ಲ ಕ್ಷೇಮ. ಸೇತುವೆಯ ಮೇಲೆ ಕಾವಲು ಬಂದಿದೆ. ಬೀದಿಯ ಬಾಗಿಲುಗಳಿಗೆಲ್ಲ ಸುಣ್ಣದಲ್ಲಿ ನಂಬರು ಬರೆದಿದ್ದಾರೆ, ಬೀಗ ಹಾಕಿದ ನಿಮ್ಮ ಅಂಗಡಿಗೂ. ಮಾರ್ಚ್ ಇಪ್ಪತ್ತಕ್ಕೆ ಶಾಲೆಯಲ್ಲಿ ಹೊಸ ಗುರುತಿನ ಚೀಟಿ ಕೊಡುತ್ತಾರಂತೆ, ಪ್ರತಿ ಮನೆಯ ಗಂಡಸರೂ ಒಟ್ಟಿಗೆ ಬರಬೇಕಂತೆ. ದೊಡ್ಡವನು ನನ್ನ ಜೊತೆ ರಟ್ಟು ಕತ್ತರಿಸುತ್ತಿದ್ದಾನೆ, ನಡುವಿನವನು ಅದೇ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡುತ್ತಿದ್ದಾನೆ, ಕಿರಿಯವನು ಕಾಲ್ಚೆಂಡಿನ ಹಿಂದೆ ಓಡುತ್ತಿದ್ದಾನೆ. ಪುಟ್ಟಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸಿ.

ಅಂಟುಮಾಸ್ತರ


ಫೆಬ್ರವರಿ ೧೩

ತಮ್ಮಾ,

ಸೋತೆ. ಹಣ್ಣು ನನ್ನದು, ಚಾಕು ನಿನ್ನದು.

ಅಂಟಿನ ವಿಷಯ ನೀನು ಹೇಳಿದ್ದು ನಿಜ. ಎರಡು ಸಲ ಹಚ್ಚಿದ್ದು ನಾನೇ. ವಯಸ್ಸಾಯಿತು, ಹಚ್ಚಿದ್ದು ಮರೆತು ಮತ್ತೆ ಹಚ್ಚುತ್ತೇನೆ. ಇನ್ನು ಮುಂದೆಯೂ ಹಾಗೇ ಬಂದರೆ ತಪ್ಪು ತಿಳಿಯಬೇಡ.

ಮಗಳು ಕಿಟಕಿಯ ಹತ್ತಿರ ನನಗೊಂದು ಮೇಜು ಹಾಕಿಕೊಟ್ಟಿದ್ದಾಳೆ. ಪಕ್ಕದ ಮನೆಗಳವರು ನಿಂತುಹೋದ ಗಡಿಯಾರ ತರುತ್ತಾರೆ, ಹೊತ್ತು ಹೋಗುತ್ತದೆ. ಅಳಿಯ ಸಾರಿಗೆ ಕಚೇರಿಯಲ್ಲಿ ಯಾವ ಲಾರಿ ಎಲ್ಲಿಗೆ ಎಂದು ಗೊತ್ತುಮಾಡುವ ಕೆಲಸದಲ್ಲೇ ಇದ್ದಾನೆ. ಮೊದಲು ಊಟಕ್ಕೆ ಕೂತರೆ ಬಾಯಿ ಮುಚ್ಚುತ್ತಿರಲಿಲ್ಲ. ಈಗ ತಟ್ಟೆ ನೋಡಿಕೊಂಡು ಉಂಡು ಏಳುತ್ತಾನೆ. ಕೇಳಿದರೆ ಹಲ್ಲುನೋವು ಎನ್ನುತ್ತಾನೆ.

ಬೀದಿಯ ಸುದ್ದಿ ಇಷ್ಟುದ್ದ ಬರೆಯಬೇಡ, ತಮ್ಮಾ. ಸೇತುವೆ, ನಂಬರು, ಚೀಟಿ, ಇವೆಲ್ಲ ನನಗೇಕೆ? ಕಥೆ ಬರೆ ಸಾಕು.

ಮುಳ್ಳಣ್ಣ


ಫೆಬ್ರವರಿ ೨೦
(ಅಂಚೆಗೆ ಹಾಕದ್ದು)

ತಮ್ಮಾ,

ಈ ಕಾಗದ ನಿನಗೆ ತಲುಪುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಎದೆ ಒಡೆದು ಹೋಗುತ್ತದೆ.

ನಾನು ಯಾವತ್ತೂ ಲಕೋಟೆಗೆ ಎರಡು ಸಲ ಅಂಟು ಹಚ್ಚಿಲ್ಲ. ನಮ್ಮ ಕಾಗದಗಳನ್ನು ಯಾರೋ ಒಡೆದು ಓದಿ ಮತ್ತೆ ಅಂಟಿಸುತ್ತಿದ್ದಾರೆ. ಅದನ್ನು ನಿನಗೆ ಹೇಳುವುದಾದರೂ ಹೇಗೆ? ಹೇಳಿದ ಕಾಗದವನ್ನೂ ಅವರೇ ಓದುತ್ತಾರೆ.

ಅಳಿಯ ಇವತ್ತು ತಟ್ಟೆಯ ಮುಂದೆಯೇ ಅತ್ತುಬಿಟ್ಟ. ಮಾರ್ಚ್ ಇಪ್ಪತ್ತನೇ ತಾರೀಕು ನಿಮ್ಮ ಶಾಲೆಯ ಹಿಂಬಾಗಿಲಿಗೆ ಮುಚ್ಚಿದ ಲಾರಿಗಳನ್ನು ಕಳಿಸಬೇಕೆಂದು ಅವನ ಮೇಜಿಗೆ ಆಜ್ಞೆ ಬಂದಿದೆ. "ಚೀಟಿ ಕೊಡೋಕೆ ಲಾರಿ ಯಾಕೆ ಮಾವ? ಜನರನ್ನ ಸಾಗಿಸೋದಾದ್ರೆ ನೀರಿನ ಪೀಪಾಯಿ ಕಳಿಸಿ ಅಂತ ಬರೀತಾರೆ. ಇದಕ್ಕೆ ನೀರೂ ಇಲ್ಲ, ಏನೂ ಇಲ್ಲ" ಎಂದ. ಹೋದ ತಿಂಗಳು ಇನ್ನೊಂದು ಊರಿನಲ್ಲಿ ಹೀಗೇ ಆಯಿತಂತೆ. ಒಳಗೆ ಹೋದ ಗಂಡಸರ ಮನೆಯವರು ಇನ್ನೂ ಗೇಟಿನ ಮುಂದೆ ಕೂತಿದ್ದಾರಂತೆ. ಬೀದಿಯಲ್ಲಿ ನಿಮ್ಮವರು, ನಮ್ಮವರು ಎಂಬ ಭೇದವಿಲ್ಲವಂತೆ. ನಾವಿಬ್ಬರೂ ಒಂದೇ ಎಂದು ಇಷ್ಟು ವರ್ಷ ಯಾರೂ ಒಪ್ಪಲಿಲ್ಲ, ಇವರು ಒಪ್ಪಿದ್ದಾರೆ ನೋಡು.

ಮಗಳು ನನ್ನ ಕೈ ಹಿಡಿದುಕೊಂಡಳು. "ಅಪ್ಪಾ, ಬರೀಬೇಡಿ. ಲಾರಿ ಅನ್ನೋ ಮಾತು ನಿಮ್ಮ ಕಾಗದದಲ್ಲಿ ಸಿಕ್ರೆ ಯಾರ ಬಾಯಿಂದ ಬಂತು ಅಂತ ಅವರಿಗೆ ಗೊತ್ತಾಗಲ್ವಾ? ಇವರನ್ನ ಉಳಿಸ್ತಾರಾ?" ಎಂದಳು. ಅವಳ ಮಾತೂ ಸರಿ. ಬರೆದರೆ ಅಳಿಯ ಹೋಗುತ್ತಾನೆ, ಕಾಗದವೂ ನಿನಗೆ ತಲುಪುವುದಿಲ್ಲ. ಬರೆಯದಿದ್ದರೆ ನಿನ್ನ ಮೂವರು. ಬಾಯಲ್ಲಿ ಬಿಸಿ ತುಪ್ಪ, ನುಂಗಲಾರೆ, ಉಗುಳಲಾರೆ.

ನಿಮ್ಮ ಬೀದಿಯ ಫೋನುಗಳೆಲ್ಲ ಸತ್ತಿವೆ. ನಾನೇ ಬರುತ್ತೇನೆಂದು ಪರವಾನಗಿ ಕೇಳಲು ಹೋದೆ. ಗುಮಾಸ್ತ ಬಹಳ ಮರ್ಯಾದೆಯಿಂದ, "ಮಾರ್ಚ್ ಇಪ್ಪತ್ತು ಕಳೀಲಿ ಯಜಮಾನ್ರೇ, ಆಮೇಲೆ ಬನ್ನಿ" ಎಂದ.


ಫೆಬ್ರವರಿ ೨೧

ತಮ್ಮಾ,

ಒಂದು ಕಥೆ ನೆನಪಾಯಿತು. ಮನೆಯವರನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದು.

ಬರಗಾಲದಲ್ಲಿ ಯಾಕೋಬ ಧಾನ್ಯಕ್ಕಾಗಿ ಹತ್ತು ಮಕ್ಕಳನ್ನು ಪರದೇಶಕ್ಕೆ ಕಳಿಸಿದ. ಹೊರಡುವಾಗ, "ಎಲ್ಲರೂ ಒಂದೇ ಬಾಗಿಲಿಂದ ಒಳಗೆ ಹೋಗಬೇಡಿ, ಬೇರೆ ಬೇರೆ ಬಾಗಿಲು ಹಿಡಿಯಿರಿ" ಎಂದು ಹೇಳಿ ಕಳಿಸಿದ. ಆ ಊರಿನ ಪ್ರತಿ ಬಾಗಿಲಲ್ಲೂ ಬಂದವರ ಹೆಸರು ಬರೆದುಕೊಳ್ಳಲು ಕಾವಲುಗಾರರು ಕೂತಿದ್ದರು. ಸಂಜೆಗೆ ಆ ಹೆಸರುಗಳೆಲ್ಲ ಅಧಿಕಾರಿಯ ಕೈ ಸೇರುತ್ತಿದ್ದವು. ತಂದೆಯಾದವನಿಗೆ ಅದು ಹೇಗೆ ಹೊಳೆಯಿತೋ ನೋಡು.

ಹತ್ತು ಮಕ್ಕಳಿರಲಿ, ಮೂರು ಮಕ್ಕಳಿರಲಿ, ತಂದೆಯ ಕರುಳು ಒಂದೇ. ಯಾಕೋಬ ಹಾಗೆ ಏಕೆ ಹೇಳಿದ ಎಂದು ಚೆನ್ನಾಗಿ ಯೋಚಿಸು. ಯೋಚಿಸಿ ಬರೆ.

ಮುಳ್ಳಣ್ಣ


ಮಾರ್ಚ್ ೧

ಮುಳ್ಳಣ್ಣಾ,

ಗೆದ್ದೆ! ಒಂದೇ ಕಥೆಯಲ್ಲಿ ಎರಡು ತಪ್ಪು.

ಒಂದನೆಯದು, ನಮ್ಮ ಗ್ರಂಥದಲ್ಲಿ ಯಾಕೂಬ್ ಈ ಮಾತು ಹೇಳುವುದು ಮಕ್ಕಳ ಮೊದಲ ಪ್ರಯಾಣದಲ್ಲಿ ಅಲ್ಲ, ಎರಡನೆಯದರಲ್ಲಿ. ಆಗ ಕಿರಿಯ ಮಗನೂ ಅವರ ಜೊತೆ ಹೊರಟಿದ್ದ. ಎರಡನೆಯದು, ಏಕೆ ಹೇಳಿದ ಎಂದು ನನ್ನನ್ನು ಕೇಳುತ್ತೀರಲ್ಲ, ಅದನ್ನು ನಿಮ್ಮ ಹಿರಿಯರೇ ಹೇಳಿದ್ದಾರೆ: ಅಷ್ಟು ಚೆಂದದ ಗಂಡುಮಕ್ಕಳು ಒಟ್ಟಿಗೆ ಹೋದರೆ ಜನರ ಕಣ್ಣು ಬೀಳುತ್ತದೆ ಎಂದು. ಮೆಟ್ಟಿಲ ಮೇಲೆ ಕೂತು ನೀವೇ ನನಗೆ ಹೇಳಿದ್ದು! ನಮ್ಮಲ್ಲಿ ಯಾಕೂಬ್ ಇನ್ನೊಂದು ಮಾತೂ ಹೇಳುತ್ತಾನೆ. ದೇವರು ನಿಶ್ಚಯಿಸಿದ್ದನ್ನು ನಾನು ತಡೆಯಲಾರೆ ಮಕ್ಕಳೇ ಎನ್ನುತ್ತಾನೆ. ಬಾಗಿಲಿನ ಮಾತು ತಂದೆಯ ಮನಸ್ಸಿನ ಒಂದು ಸಮಾಧಾನ, ಅಷ್ಟೇ. ಇನ್ನೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನಬೇಡಿ.

ನೀವು ಹೇಳಿದಂತೆ ಎಲ್ಲರನ್ನೂ ಕೂರಿಸಿ ಓದಿದೆ. ಕಿರಿಯವನು, "ಬೇರೆ ಬೇರೆ ಬಾಗಿಲಲ್ಲಿ ಹೋದ್ರೆ ಸಾಲು ಬೇಗ ಕರಗತ್ತಪ್ಪಾ, ಯಾಕೂಬ್ ಬುದ್ಧಿವಂತ" ಎಂದ. ನಕ್ಕೂ ನಕ್ಕೂ ಸಾಕಾಯಿತು. ಆದರೆ ನಮ್ಮ ಶಾಲೆಗೆ ಇರುವುದು ಒಂದೇ ಮುಂಬಾಗಿಲು. ನಡುವಿನವನು ಅಲ್ಲಿಯ ಮೇಷ್ಟರಾದ್ದರಿಂದ ನಾಲ್ವರನ್ನೂ ಸಾಲಿನ ಮುಂದೆಯೇ ನಿಲ್ಲಿಸುತ್ತಾನಂತೆ. ಬೆಳಿಗ್ಗೆಯೇ ಕೆಲಸ ಮುಗಿಸಿಕೊಂಡು ಬರುತ್ತೇವೆ.

ನಿಮ್ಮ ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿದ ಹಾಗಿದೆ. ಕಣ್ಣು ತೋರಿಸಿಕೊಳ್ಳಿ.

ಅಂಟುಮಾಸ್ತರ


ಮಾರ್ಚ್ ೬

ತಮ್ಮಾ,

ಕಣ್ಣು ಚೆನ್ನಾಗಿಯೇ ಇದೆ. ನಿನ್ನದು ಹೇಗಿದೆ ಎಂದು ನನ್ನ ಚಿಂತೆ.

ಸರಿ, ಇನ್ನೊಂದು ಕಥೆ. ಸೊಲೊಮೋನ ಸೈನ್ಯ ಕಟ್ಟಿಕೊಂಡು ಇರುವೆಗಳ ಕಣಿವೆಗೆ ಬಂದ. ದೂರದಿಂದಲೇ ಸಪ್ಪಳ ಕೇಳಿದ ಒಂದು ಇರುವೆ, "ಎಲ್ಲರೂ ಗೂಡು ಸೇರಿಕೊಳ್ಳಿ, ಇಲ್ಲದಿದ್ದರೆ ತುಳಿದುಹಾಕುತ್ತಾರೆ" ಎಂದು ಕೂಗಿತು. ಕೂಗಿದ್ದು ಒಂದೇ ಇರುವೆ. ಮಿಕ್ಕವು ಯಾರಿಗೆ ಸಪ್ಪಳ ಮೊದಲು ಕೇಳಿಸಿತು ಎಂದು ವಾದ ಮಾಡುತ್ತಾ ನಿಲ್ಲಲಿಲ್ಲ.

ನನ್ನದೊಂದು ಸ್ವಾರ್ಥದ ಮಾತು. ಮೇಜಿನ ಕಾಲು ಅಲ್ಲಾಡುತ್ತಿದೆ, ದೊಡ್ಡವನನ್ನು ಕಳಿಸು. ಪಕ್ಕದ ಮನೆಯ ಹುಡುಗಿಗೆ ಲೆಕ್ಕ ಬರುವುದಿಲ್ಲ, ನಡುವಿನವನನ್ನು ಕಳಿಸು. ಇಲ್ಲಿ ಒಳ್ಳೆಯ ಆಟದ ಮೈದಾನವಿದೆ, ಕಿರಿಯವನನ್ನು ಕಳಿಸು. ಒಬ್ಬೊಬ್ಬರಾಗಿಯೇ ಬರಲಿ. ಈ ವಾರವೇ ಬರಲಿ. ನನಗೆ ಅವರನ್ನು ನೋಡಬೇಕೆನಿಸಿದೆ.

ಮುಳ್ಳಣ್ಣ


ಮಾರ್ಚ್ ೧೧

ಮುಳ್ಳಣ್ಣಾ,

ನಿಮಗೆ ಒಂಟಿತನ ಕಾಡುತ್ತಿದೆ ಎಂದು ನನಗೆ ಅರ್ಥವಾಯಿತು. ಅತ್ತಿಗೆ ತೀರಿಹೋದ ಮೇಲೆ ಮೊದಲ ವರ್ಷ ಹೀಗೇ. ಮಕ್ಕಳನ್ನು ಖಂಡಿತ ಕಳಿಸುತ್ತೇನೆ. ಆದರೆ ಈಗ ಚೀಟಿ ಇಲ್ಲದೆ ಸೇತುವೆ ದಾಟಿಸುವುದಿಲ್ಲ. ಇಪ್ಪತ್ತಕ್ಕೆ ಚೀಟಿ ಸಿಕ್ಕ ಮರುದಿನವೇ ಮೂವರನ್ನೂ ಹೊರಡಿಸುತ್ತೇನೆ. ಇನ್ನು ಎಷ್ಟು ದಿನ ಮಹಾ?

ಇರುವೆಯ ಕಥೆಯಲ್ಲಿ ನೀವು ನಮ್ಮ ಮನೆಗೆ ಕನ್ನ ಹಾಕಿದ್ದೀರಿ. ತುಳಿದುಹಾಕುತ್ತಾರೆ ಎನ್ನುವುದು ನಮ್ಮ ಗ್ರಂಥದ ಮಾತು, ಅದರಲ್ಲೂ "ತಿಳಿಯದೆ" ತುಳಿದುಹಾಕುತ್ತಾರೆ ಎಂದಿದೆ. ಸುಲೈಮಾನನ ಸೈನ್ಯಕ್ಕೆ ಇರುವೆಗಳ ಮೇಲೆ ದ್ವೇಷವಿರಲಿಲ್ಲ. ನಿಮ್ಮವರ ಕಥೆಯಲ್ಲಿ ಕಾರಣವೇ ಬೇರೆ. ರಾಜನ ವೈಭವ ನೋಡುತ್ತಾ ನಿಂತರೆ ಇರುವೆಗಳು ದೇವರ ಸ್ತುತಿ ಮರೆಯುತ್ತವೆ ಎಂದು ಆ ಇರುವೆ ಹೆದರಿತು. ನಿಮ್ಮ ಮನೆಯ ಕಥೆಯನ್ನು ನಾನು ನಿಮಗೆ ಹೇಳಿಕೊಡುವ ಕಾಲ ಬಂತೇ? ಮನೆಯವಳು ಕೂಡ, "ಮುಳ್ಳಣ್ಣ ಯಾವತ್ತೂ ಹೀಗೆ ತಪ್ಪೋರಲ್ಲ, ಏನಾಗಿದೆ ಅವರಿಗೆ?" ಎಂದು ಎರಡು ಸಲ ಕೇಳಿದಳು. ಅವಳಿಗೆ ನಿದ್ದೆಯೂ ಸರಿಯಾಗಿಲ್ಲ. ಹಗ್ಗ ಕಂಡರೆ ಹಾವು ಎನ್ನುತ್ತಾಳೆ.

ಶಾಲೆಯ ದೊಡ್ಡ ಕೋಣೆಯಿಂದ ಬೆಂಚುಗಳನ್ನೆಲ್ಲ ತೆಗೆದಿದ್ದಾರಂತೆ. ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರಂತೆ. ಚಳಿಗೆ ಎಂದು ನಡುವಿನವನಿಗೆ ಹೇಳಿದರಂತೆ. ಬಿಸಿಲಿಗೆ ನನ್ನ ಅಂಟು ಪಾತ್ರೆಯಲ್ಲೇ ಒಣಗುತ್ತಿದೆ, ಇವರಿಗೆ ಚಳಿ!

ನಿಮ್ಮ ಲಕೋಟೆಯ ಅಂಟು ಈಗ ಗಂಟಿಲ್ಲದೆ ನುಣ್ಣಗೆ ಬರುತ್ತಿದೆ. ಕೊನೆಗೂ ಕುದಿಸುವುದು ಕಲಿತಿರಿ.

ಅಂಟುಮಾಸ್ತರ


ಮಾರ್ಚ್ ೧೪

ತಮ್ಮಾ,

ಹೌದು, ಕಥೆಗಳು ಕಲಸಿಹೋಗುತ್ತಿವೆ. ಆದ್ದರಿಂದ ಯಾಕೋಬನ ಕಥೆಯನ್ನು ನನ್ನ ಅಜ್ಜಿ ಹೇಳುತ್ತಿದ್ದ ಹಾಗೆಯೇ ಮತ್ತೆ ಪೂರ್ತಿ ಬರೆಯುತ್ತೇನೆ. ಒಂದೊಂದು ಸಾಲನ್ನೂ ಪರೀಕ್ಷಿಸು.

ಬೇರೆ ಬೇರೆ ಬಾಗಿಲಿಂದ ಹೋಗಿ ಎಂದು ಯಾಕೋಬ ಹೇಳಿದ. ಅಪ್ಪನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದು ಮಕ್ಕಳು ನಕ್ಕರು. ಎಲ್ಲರೂ ಒಂದೇ ಬಾಗಿಲಿಗೆ ಹೋದರು. ಒಬ್ಬ ಮಗನಿಗೆ ಅಲ್ಲಿ ಪರಿಚಯವಿತ್ತು, ಸಾಲಿನ ಮುಂದೆಯೇ ನಿಂತರು. ಕಾವಲುಗಾರ ಹೆಸರು ಬರೆದುಕೊಂಡ. ಧಾನ್ಯದ ಕೋಣೆಯೊಳಗೆ ಧಾನ್ಯವಿರಲಿಲ್ಲ. ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ಹಿಂಬಾಗಿಲಲ್ಲಿ ಮುಚ್ಚಿದ ಬಂಡಿಗಳು ಕಾಯುತ್ತಿದ್ದವು. ಯಾಕೋಬ ಹೊಸ್ತಿಲ ಮೇಲೆ ಕೂತು ದಾರಿ ನೋಡಿದ. ಯಾರೂ ಬರಲಿಲ್ಲ. ಇನ್ನೂ ನೋಡುತ್ತಿದ್ದಾನೆ.

ಕಥೆ ಇಷ್ಟೇ. ಕೊನೆಯಲ್ಲಿ ಯೋಸೇಫ ಸಿಗುವುದಿಲ್ಲ, ಅಪ್ಪಿಕೊಂಡು ಅಳುವುದಿಲ್ಲ, ಧಾನ್ಯದ ಚೀಲ ಮನೆಗೆ ಬರುವುದಿಲ್ಲ.

ಇದನ್ನು ನಿನ್ನ ಗ್ರಂಥದಲ್ಲಿ ಹುಡುಕು. ನಮ್ಮ ಹಿರಿಯರ ಮಾತುಗಳೆಲ್ಲ ನಿನಗೆ ಬಾಯಿಪಾಠ, ಅಲ್ಲಿಯೂ ಹುಡುಕು. ಎರಡು ಮನೆಯಲ್ಲೂ ಸಿಗದಿದ್ದರೆ ಈ ಕಥೆ ಯಾವ ಮನೆಯಿಂದ ಬಂತು ಎಂದು ಯೋಚಿಸು. ಅಜ್ಜಿಯ ಮೇಲೆ ಆಣೆ, ಇದರಲ್ಲಿ ಚಹಾದ ಪಣವಿಲ್ಲ.

ಮುಳ್ಳಣ್ಣ


ಮಾರ್ಚ್ ೧೮

ಮುಳ್ಳಣ್ಣಾ,

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು. ಮೂರು ಸಲ ಓದಿದೆ. ಒಂದೊಂದು ಸಾಲನ್ನೂ ಪರೀಕ್ಷಿಸಿದೆ. ಇಷ್ಟು ವರ್ಷದಲ್ಲಿ ಇದೇ ಮೊದಲ ಸಲ, ನಿಮ್ಮ ಕಥೆಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ನಿಮ್ಮ ಅಜ್ಜಿ ಹೇಳಿದ್ದೆಲ್ಲ ಸರಿ.

ಅಂಟಿನ ವಿಷಯದಲ್ಲಿ ನಿಮ್ಮನ್ನು ಸುಮ್ಮಸುಮ್ಮನೆ ಗೇಲಿ ಮಾಡಿದೆ. ಕ್ಷಮಿಸಿ. ಅಂಟಿನವನಾಗಿ ನನಗೇ ಮೊದಲು ತಿಳಿಯಬೇಕಿತ್ತು.

ನನ್ನ ಅಜ್ಜಿಯೂ ಇದೇ ಕಥೆ ಹೇಳುತ್ತಿದ್ದಳು, ಕೊನೆ ಮಾತ್ರ ಸ್ವಲ್ಪ ಬೇರೆ. ಹೊರಡುವ ದಿನ ಹತ್ತಿರ ಬಂದಾಗ ಯಾಕೂಬನ ಮಕ್ಕಳಿಗೆ ಜ್ವರ ಬಂತು. ಒಬ್ಬರದು ಇನ್ನೊಬ್ಬರಿಗೆ ಅಂಟದಿರಲಿ ಎಂದು ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಮಲಗಿಸಿದರು. ಯಾಕೂಬ್ ತಾನೇ ಚೀಲ ಹಿಡಿದು ಬಾಗಿಲಿಗೆ ಹೋದ. ಏಕೆಂದರೆ, ಆ ಮನೆಯಿಂದ ಯಾರೂ ಬರಲಿಲ್ಲವೆಂದರೆ ಕಾವಲುಗಾರರು ಅವತ್ತೇ ಮನೆಗೆ ಬರುತ್ತಾರೆ. ಒಬ್ಬ ಹೋಗಿ ಹೆಸರು ಬರೆಸಿ, ಮಕ್ಕಳು ನಾಳೆ ಬರುತ್ತಾರೆ ಸ್ವಾಮಿ, ಜ್ವರ, ಎಂದರೆ ಒಂದೆರಡು ದಿನ ಸಿಗುತ್ತದೆ. ಜ್ವರ ಇಳಿಯಲು ಅಷ್ಟು ಸಾಕು. ಯಾಕೂಬನ ಹೆಂಡತಿ ಏನಂದಳು ಎಂದು ಕೇಳುತ್ತೀರಾ? ಅವಳ ಮಾತನ್ನು ನಿಮ್ಮಲ್ಲೂ ಬರೆದಿಟ್ಟಿಲ್ಲ, ನಮ್ಮಲ್ಲೂ ಬರೆದಿಟ್ಟಿಲ್ಲ. ಅವಳು ಬಹಳ ಹೊತ್ತು ಮಾತಾಡಿದಳು.

ನಮ್ಮ ಮನೆಯಲ್ಲೂ ಮೂವರಿಗೂ ಜ್ವರ. ಆದ್ದರಿಂದ ಇಪ್ಪತ್ತಕ್ಕೆ ನಾನೊಬ್ಬನೇ ಹೋಗಿ ವಿಚಾರಿಸಿಕೊಂಡು ಬರುತ್ತೇನೆ. ಮಕ್ಕಳು ಬಂದರೆ ಮೇಜಿನ ಕಾಲು ಸರಿಮಾಡಿಸಿಕೊಳ್ಳಿ. ಕಿರಿಯವನಿಗೆ ಸ್ವಲ್ಪ ಬೈಯಿರಿ, ಬೈಯುವವರಿಲ್ಲದಿದ್ದರೆ ಅವನು ಊಟ ಮಾಡುವುದಿಲ್ಲ.

ನೀವು ನನ್ನ ಪಕ್ಕದ ಅಂಗಡಿಗೆ ಬಂದು ಕೂತದ್ದು ನನ್ನ ಭಾಗ್ಯ, ಅಣ್ಣಾ. ಇದನ್ನು ಮೆಟ್ಟಿಲ ಮೇಲೆ ಕೂತಾಗಲೇ ಹೇಳಬಹುದಿತ್ತು, ಜಗಳದಲ್ಲಿ ಮರೆತುಹೋಯಿತು.

ನಿಮ್ಮ ತಮ್ಮ


ಮಾರ್ಚ್ ೨೪
(ಅಂಚೆಗೆ ಹಾಕದ್ದು)

ತಮ್ಮಾ,

ನಿನ್ನ ಕಾಗದ ಕೈಗೆ ಬಂದಾಗ ಇಪ್ಪತ್ತು ಕಳೆದುಹೋಗಿತ್ತು.

ಕಥೆಯಲ್ಲಿ ತಂದೆಯನ್ನು ಹೊಸ್ತಿಲ ಮೇಲೆ ಕೂರಿಸಿದ್ದೆನಲ್ಲೋ. ನೀನೂ ಅಲ್ಲೇ ಕೂರುತ್ತೀಯ ಎಂದುಕೊಂಡಿದ್ದೆ. ಮಕ್ಕಳು ಹೊರಟರೆ ನೀನೂ ಅವರ ಬೆನ್ನ ಹಿಂದೆಯೇ ಹೊರಡುತ್ತೀಯ ಎಂದುಕೊಂಡಿದ್ದೆ. ನಿನ್ನ ಸ್ವಭಾವ ಇಷ್ಟು ವರ್ಷ ಪಕ್ಕದಲ್ಲಿ ಕೂತೂ ನನಗೆ ತಿಳಿಯಲಿಲ್ಲ. ಇನ್ನೊಬ್ಬರ ಕಥೆಯನ್ನು ನೀನು ತಿದ್ದದೆ ಬಿಟ್ಟದ್ದುಂಟೇ? ಇದನ್ನೂ ತಿದ್ದಿಬಿಟ್ಟೆ.

ಕಿರಿಯವನು ನಿನ್ನೆ ಬಂದ. ಸೇತುವೆಯ ಕೆಳಗೆ ಎಲ್ಲೋ ಹೊಳೆ ದಾಟಿದನಂತೆ, ಹಣೆ ಒಡೆದುಕೊಂಡಿದ್ದಾನೆ. ಬಾಗಿಲು ತೆಗೆದ ಕೂಡಲೇ "ದೊಡ್ಡಪ್ಪಾ, ಅಪ್ಪ ಬಂದ್ರಾ?" ಎಂದು ಕೇಳಿದ. ಅಪ್ಪನೂ ಹಿಂದಿನಿಂದ ಬರುತ್ತಾರೆ ಎಂದು ಹೇಳಿ ಅವನನ್ನು ಹೊರಡಿಸಿದೆಯಂತೆ. ನಾನು ಅವನಿಗೆ ಬೈದೆ. ಊಟ ಮಾಡಿದ.

ಅಳಿಯ ಕಚೇರಿಯಿಂದ ಬಂದು ಹೇಳಿದ: ಲಾರಿಗಳು ಹಿಂತಿರುಗಿವೆ, ಖಾಲಿಯಾಗಿ. ತೊಳೆದು ಸಾಲಾಗಿ ನಿಲ್ಲಿಸಿದ್ದಾರೆ. ಮುದುಕರನ್ನು ಬೇರೆ ಮಾಡಿ ಶಾಲೆಯಲ್ಲೇ ಉಳಿಸಿಕೊಂಡರು ಎಂದು ಒಬ್ಬ ಚಾಲಕ ಹೇಳಿದನಂತೆ. ಇಲ್ಲ, ಯಾರನ್ನೂ ಉಳಿಸಲಿಲ್ಲ ಎಂದು ಇನ್ನೊಬ್ಬ ಹೇಳಿದನಂತೆ. ಒಂದೇ ಕಥೆ, ಎರಡು ಬಾಯಲ್ಲಿ ಎರಡು ಥರ. ಯಾವುದು ಸರಿ ಎಂದು ಯಾರನ್ನು ಕೇಳಲಿ? ಇಂಥದ್ದಕ್ಕೆಲ್ಲ ನಾನು ನಿನ್ನನ್ನೇ ಕೇಳುತ್ತಿದ್ದೆ.


ಏಪ್ರಿಲ್ ೯

ತಂಗೀ,

ನಿನ್ನ ಕಾರ್ಡು ತಲುಪಿತು. "ಇವರು ಒಳಗೆ ಹೋದವರು ಬಂದಿಲ್ಲ ಅಣ್ಣಾ. ಹಲಗೆ ಹೊಡೆದ ಕಿಟಕಿಗಳು ಗೇಟಿಗೆ ಹತ್ತಿರಾನೇ ಇವೆ. ನಾನು ದಿನಾ ಅಲ್ಲಿ ಹೋಗಿ ಕೂರ್ತೀನಿ. ನೀವು ಇವರಿಗೆ ಬರೀರಿ, ನಾನು ಗಟ್ಟಿಯಾಗಿ ಓದ್ತೀನಿ. ನಿಮ್ಮ ಕಾಗದ ಅಂದ್ರೆ ಇವರ ಕಿವಿ ನೆಟ್ಟಗಾಗತ್ತೆ" ಎಂದು ಬರೆದಿದ್ದೀಯ. ಕಾವಲುಗಾರರು ಹುಚ್ಚಿ ಎಂದು ನಕ್ಕು ಸುಮ್ಮನಾಗುತ್ತಾರೆ ಎಂದೂ ಬರೆದಿದ್ದೀಯ. ನಗಲಿ ಬಿಡು.

ರಿಪೇರಿಗೆಂದು ನೀನು ಕಳಿಸಿದ ಮೂರು ಗಡಿಯಾರವೂ ಬಂದು ಸೇರಿದವು. ಮೂರೂ ಬೇರೆ ಬೇರೆ ದಾರಿಯಲ್ಲಿ ಬಂದವು. ಚಿಕ್ಕದರ ಗಾಜಿಗೆ ಸಣ್ಣ ಬಿರುಕು. ಮೂರೂ ನಡೆಯುತ್ತಿವೆ. ನಮ್ಮ ಬೀದಿಯ ಬಾಗಿಲುಗಳಿಗೂ ನಿನ್ನೆ ನಂಬರು ಬರೆದು ಹೋದರು. ಆದ್ದರಿಂದ ಗಡಿಯಾರಗಳನ್ನು ಇನ್ನೂ ದೂರದ ಒಬ್ಬ ರಿಪೇರಿಯವನ ಹತ್ತಿರ ಕಳಿಸುತ್ತಿದ್ದೇನೆ. ಹೆದರಬೇಡ.

ಇನ್ನು ಮುಂದಿನದು ಅವನಿಗೆ. ಕಿಟಕಿಗೆ ಎಷ್ಟು ಹತ್ತಿರ ಬಿಡುತ್ತಾರೋ ಅಷ್ಟು ಹತ್ತಿರ ಹೋಗಿ, ಗಂಟಲು ಬಿಚ್ಚಿ ಓದು.

ತಮ್ಮಾ, ಕೇಳು. ಯೋನನ ಕಥೆ. ನೀವು ಯೂನುಸ್ ಎನ್ನುವ ಅದೇ ಯೋನ. ಅವನನ್ನು ನುಂಗಿದ್ದು ದೊಡ್ಡ ಮೀನು ಎಂದು ನಮ್ಮ ಮನೆಯಲ್ಲೂ ಹೇಳುತ್ತಾರೆ, ನಿಮ್ಮ ಮನೆಯಲ್ಲೂ ಹೇಳುತ್ತಾರೆ. ಎರಡು ಕಡೆಯೂ ಸುಳ್ಳು. ಅದು ಮೊಸಳೆ.

ಹೊಟ್ಟೆಯೊಳಗಿನ ಕತ್ತಲೆಯಿಂದ ಅವನು ಕೂಗಿದ, ಕೂಗು ಮೇಲೆ ಕೇಳಿಸಿತು, ಮೀನು ಅವನನ್ನು ದಡಕ್ಕೆ ತಂದು ಉಗುಳಿತು ಎಂದು ಎರಡು ಮನೆಯಲ್ಲೂ ಒಂದೇ ಬಾಯಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಕೂಗಲೇ ಇಲ್ಲ. ಒಳಗೆ ಸುಮ್ಮನೆ ಮಲಗಿದ್ದ. ಮೊಸಳೆಗೆ ಅವನು ಒಳಗಿರುವುದೇ ಮರೆತುಹೋಯಿತು. ಇದು ನನ್ನ ಕಥೆ. ಇದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ ಎಂದು ಬೀದಿಗೆಲ್ಲ ಸಾರುತ್ತೇನೆ. ನಿನ್ನ ಹೆಂಡತಿಯ ಬಾಯಲ್ಲೇ ಸಾರಿಸುತ್ತಿದ್ದೇನೆ.

ಎಲ್ಲಿ, ಸುಮ್ಮನಿದ್ದೀಯಾ? ಇಂಥ ಸುಳ್ಳನ್ನು ಕೇಳಿಯೂ ಸುಮ್ಮನಿದ್ದೀಯಾ?

ತಪ್ಪು ಎಂದು ಒಂದು ಸಲ ಕೂಗಿಬಿಡೋ, ತಮ್ಮಾ.